ಮಂಗಳ ಹಾಡದ ಮೊಬೈಲ್

ನಂತೂರು ಸರ್ಕಲ್ ಮಂಗಳೂರಿಗೆ ಬಂದುಹೋಗುವ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಹಾದುಹೋಗುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ ಹೆದ್ದಾರಿ 17. ಒಂದು ಬದಿಗೆ ಪಂಪ್‌ವೆಲ್, ಇನ್ನೊಂದು ಬದಿಗೆ ಕೆಪಿಟಿ, ಮತ್ತೊಂದು ಬದಿಗೆ ಬಿಕರ್ನಕಟ್ಟೆ, ಏರುದಾರಿ ಹಿಡಿದರೆ ಕದ್ರಿ. ಸಂಜೆ ಹೊತ್ತು ಇಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ.

ಬಸ್ಸು ನಿಂತ ಕೂಡಲೇ ಒಳಗೆ ಏನಾಗುತ್ತದೆ ನೋಡಿ. ಒಬ್ಬರೂ ಮಾತಾಡಿಕೊಂಡಿರುವುದಿಲ್ಲ, ಆದರೂ ಎಲ್ಲರ ಕೈ ಒಟ್ಟಿಗೆ ಜೇಬಿಗೆ, ಬ್ಯಾಗಿಗೆ ಹೋಗುತ್ತದೆ. ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ ಸರಿಯುತ್ತದೆ. ಒಂದು ರೀಲ್, ಇನ್ನೊಂದು, ಮತ್ತೊಂದು. ಸಾಲು ಕದಲಿದರೂ ಹೆಬ್ಬೆರಳು ನಿಲ್ಲುವುದಿಲ್ಲ. ಪಡೀಲ್ ಬಂದಾಗ ಪಕ್ಕದವರನ್ನು ಕೇಳಿ, ಈಗ ನೋಡಿದ ಮೂರನೇ ವಿಡಿಯೊ ಯಾವುದು ಎಂದು. ಹೇಳಲು ಅವರಿಗೆ ಆಗುವುದಿಲ್ಲ. ನಿಮಗೂ ಆಗಲಿಕ್ಕಿಲ್ಲ.

ಬಸ್ಸಿನಲ್ಲಿ ಕುಳಿತವರಿಗೆ ಇದರಿಂದ ಹೋಗುವುದು ಸಮಯ ಮಾತ್ರ. ಬೈಕಿನ ಮೇಲಿರುವವರಿಗೆ ಜೀವವೇ ಹೋಗಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಗಾಡಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಆದರೆ ಅರಿವಿಲ್ಲದೆ ಮಾಡುವ ಕೆಲಸವನ್ನು ಕಾನೂನು ಒಂದೇ ತಡೆಯಲಾರದು.

ಈ ಅಭ್ಯಾಸ ಎಲ್ಲಿಂದ ಬಂತು? ನಮ್ಮ ಮನಸ್ಸು ದುರ್ಬಲವಾಯಿತೇ? ಹಾಗೆ ಹೇಳುವವರು ಬಹಳ ಮಂದಿ ಇದ್ದಾರೆ. ಇತಿಹಾಸ ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಆ ಇತಿಹಾಸ ಹುಡುಕಲು ದೂರ ಹೋಗಬೇಕಾಗಿಲ್ಲ. ನಂತೂರಿನಿಂದ ಕೆಲವೇ ಕಿಲೋಮೀಟರ್ ಒಳಗೆ ಅದರ ಮೊದಲ ಎರಡು ಅಧ್ಯಾಯ ಇವೆ.

ಬಲ್ಮಠದ ನಾಲ್ಕು ಪುಟ

1843ರ ಜುಲೈ 1. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದ ದಿನ. ಹೊರತಂದವರು ಬಾಸೆಲ್ ಮಿಶನ್‌ನ ಹರ್ಮನ್ ಮೋಗ್ಲಿಂಗ್. ಈಗಲೂ ಜುಲೈ 1ರಂದು ರಾಜ್ಯದಲ್ಲಿ ಪತ್ರಿಕಾ ದಿನ ಆಚರಿಸುವುದು ಇದೇ ಕಾರಣಕ್ಕೆ. ಬಲ್ಮಠದ ಕಡೆ ಹೋದರೆ ಬಾಸೆಲ್ ಮಿಶನ್ ಕಾಲದ ಕಟ್ಟಡಗಳು ಇಂದಿಗೂ ಕಾಣುತ್ತವೆ.

ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ನಾಲ್ಕೇ ಪುಟ. ಊರಿನ ಸುದ್ದಿ, ಸರಕಾರದ ನಿರೂಪ, ಪರದೇಶದ ಸಮಾಚಾರ, ಗಾದೆ, ಕಥೆ, ಹಾಡು ಎಲ್ಲವೂ ಆ ನಾಲ್ಕು ಪುಟದೊಳಗೆ. ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು.

ನಾಲ್ಕನೇ ಪುಟದ ಕೊನೆಯ ಸಾಲು ಓದಿದವನು ಏನು ಮಾಡುತ್ತಿದ್ದ? ಪತ್ರಿಕೆ ಮಡಚಿ ಇಡುತ್ತಿದ್ದ, ಅಥವಾ ಪಕ್ಕದವನಿಗೆ ಕೊಡುತ್ತಿದ್ದ. ಮುಂದಿನ ಹದಿನೈದು ದಿನ ಹೊಸತೇನೂ ಬರುವುದಿಲ್ಲ. ಓದಿದ್ದನ್ನೇ ಮಾತಾಡಬೇಕು, ಯೋಚಿಸಬೇಕು.

ಆಮೇಲೆ ದಿನಪತ್ರಿಕೆಗಳು ಬಂದವು. ಪುಟ ಹೆಚ್ಚಾಯಿತು. ಆದರೂ ಕೊನೆಯ ಪುಟ ಎಂಬುದು ಇದ್ದೇ ಇತ್ತು. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ಒಂದೇ ಪತ್ರಿಕೆಯನ್ನು ಹತ್ತು ಜನ ಓದುತ್ತಿದ್ದರು. ನೀವು ಬೇಗ ಮುಗಿಸದಿದ್ದರೆ ಕಾಯುತ್ತಿದ್ದವನು ಒಳಗಿನ ಪುಟ ಕೇಳುತ್ತಿದ್ದ. ನಿಲ್ಲಿಸಲು ಯಾರಿಗೂ ಮನೋಬಲ ಬೇಕಿರಲಿಲ್ಲ. ಕಾಗದವೇ ನಿಲ್ಲಿಸುತ್ತಿತ್ತು.

ಕದ್ರಿ ಗುಡ್ಡದ ರೇಡಿಯೊ

ಎರಡನೇ ಅಧ್ಯಾಯ ನಂತೂರಿನ ಪಕ್ಕದಲ್ಲೇ ಇದೆ. ಕದ್ರಿ ಗುಡ್ಡದಲ್ಲಿರುವ ಆಕಾಶವಾಣಿ ಮಂಗಳೂರು ಕೇಂದ್ರ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸರು, ಅಡಿಕೆ ಸುಲಿಯುವವರು ರೇಡಿಯೊ ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಸುದ್ದಿ, ಕೃಷಿ ಮಾತು, ಚಿತ್ರಗೀತೆ, ಯಕ್ಷಗಾನ, ತುಳು ಕಾರ್ಯಕ್ರಮ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಕೈ ಎಲೆಯ ಮೇಲೆ, ಕಣ್ಣು ಸೂಪಿನ ಮೇಲೆ ಇರುತ್ತಿತ್ತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ರೇಡಿಯೊ ಕಿವಿಯನ್ನು ಮಾತ್ರ ಕೇಳಿತು. ಕೈ, ಕಣ್ಣು ಎರಡನ್ನೂ ಬಿಟ್ಟುಕೊಟ್ಟಿತು. ಎರಡನೆಯದು, ಅದಕ್ಕೆ ಹೊತ್ತು ಇತ್ತು. ಬೆಳಗಿನ ಪ್ರಸಾರ, ಮಧ್ಯಾಹ್ನದ ಪ್ರಸಾರ, ಸಂಜೆಯ ಪ್ರಸಾರ ಎಂದು ಮೂರು ಭಾಗ. ನಡುವೆ ಬಿಡುವು. ರಾತ್ರಿ ಸುಮಾರು ಹನ್ನೊಂದಕ್ಕೆ ಇಂದಿನ ಪ್ರಸಾರ ಮುಗಿಯಿತು ಎಂದು ಹೇಳಿ ಕೇಂದ್ರವೇ ಮಲಗುತ್ತಿತ್ತು. ಆಮೇಲೆ ರೇಡಿಯೊ ತಿರುಗಿಸಿದರೆ ಬರೀ ಗರಗರ ಸದ್ದು.

ದೂರದರ್ಶನವೂ ಹಾಗೆಯೇ ಇತ್ತು. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ರಾಮಾಯಣ ಬಂತು. ಟಿ.ವಿ. ಇದ್ದ ಮನೆಗೆ ಇಡೀ ಊರು ಸೇರುತ್ತಿತ್ತು. ಮಂಗಳೂರಿನ ರಸ್ತೆ ಖಾಲಿ, ಹಳ್ಳಿಯ ಗದ್ದೆ ಖಾಲಿ. ಅಷ್ಟು ಹುಚ್ಚು ಹಿಡಿಸಿದ ಧಾರಾವಾಹಿ ಕೂಡ ಮುಗಿದ ಮೇಲೆ ಮುಂದಿನ ಭಾನುವಾರದ ತನಕ ಸಿಗುತ್ತಿರಲಿಲ್ಲ. ಜನ ಎದ್ದು ಹಟ್ಟಿಗೆ, ಗದ್ದೆಗೆ ಹೋದರು.

ಆ ಕಾಲದ ಜನರಿಗೆ ನಮಗಿಂತ ಹೆಚ್ಚು ಶಿಸ್ತು ಇತ್ತು ಎಂದು ಹೇಳಲು ಆಧಾರವಿಲ್ಲ. ಅವರಿಗೂ ಇನ್ನೊಂದು ಕಂತು ಬೇಕಿತ್ತು. ಸಿಗಲಿಲ್ಲ, ಅಷ್ಟೇ.

ಮಂಗಳ, ಪತ್ತನಾಜೆ, ಕಾಲಮಿತಿ

ಮುಗಿಸುವುದನ್ನು ಕರಾವಳಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇಡೀ ರಾತ್ರಿಯ ಯಕ್ಷಗಾನ ಬಯಲಾಟ ನೋಡಿದವರಿಗೆ ಗೊತ್ತು, ಬೆಳಕು ಹರಿಯುವ ಹೊತ್ತಿಗೆ ಭಾಗವತರು ಮಂಗಳ ಹಾಡುತ್ತಾರೆ. ಮಂಗಳ ಕೇಳಿದ ಮೇಲೆ ಇನ್ನೊಂದು ದೃಶ್ಯ ಇದ್ದೀತು ಎಂದು ಯಾರೂ ಕೂರುವುದಿಲ್ಲ. ಚಾಪೆ ಮಡಚುತ್ತಾರೆ, ಮಲಗಿದ ಮಕ್ಕಳನ್ನು ಎಬ್ಬಿಸುತ್ತಾರೆ.

ಒಂದು ರಾತ್ರಿಗೆ ಮಂಗಳ ಇದ್ದ ಹಾಗೆ ಇಡೀ ವರ್ಷಕ್ಕೂ ಒಂದು ಕೊನೆ ಇದೆ. ಅದು ಪತ್ತನಾಜೆ. ತುಳು ತಿಂಗಳು ಬೇಸ್ಯದ ಹತ್ತನೇ ದಿನ, ಮೇ ಕೊನೆಯ ವಾರದ ಆಸುಪಾಸು. ಅಂದಿಗೆ ಕೋಲ, ನೇಮ, ಜಾತ್ರೆಗಳು ಮುಗಿಯುತ್ತವೆ. ಮೇಳದ ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಬರುತ್ತದೆ, ಗದ್ದೆಯ ಕೆಲಸ ಇದೆ, ಕುಣಿತ ಸಾಕು ಎಂದು ಪಂಚಾಂಗವೇ ಹೇಳುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ.

ಈಚೆಗೆ ಬಂದದ್ದು ಕಾಲಮಿತಿ. ಮೇಳಗಳು ಒಂದೊಂದಾಗಿ ಇಡೀ ರಾತ್ರಿಯ ಆಟ ಬಿಟ್ಟು ಕೆಲವು ಗಂಟೆಗಳ ಆಟಕ್ಕೆ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹೇರಿದ 2000ದ ಶಬ್ದಮಾಲಿನ್ಯ ನಿಯಮವೂ ಒಂದು ಕಾರಣ, ಪ್ರೇಕ್ಷಕರ ಮರುದಿನದ ಕೆಲಸವೂ ಒಂದು ಕಾರಣ. ಕಾಲಮಿತಿ ಬೇಕೇ ಬೇಡವೇ ಎಂದು ನಮ್ಮೂರುಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಚರ್ಚೆ ಆಯಿತು ಎಂಬುದೇ ಮುಖ್ಯ. ಎಷ್ಟು ಹೊತ್ತು ಆಟ ನೋಡಬೇಕು ಎಂಬುದನ್ನು ಕಲಾವಿದರು, ದೇವಸ್ಥಾನದವರು, ಪ್ರೇಕ್ಷಕರು, ಕೋರ್ಟು ಎಲ್ಲರೂ ಕೂತು ಮಾತಾಡಿದರು.

ಮೊಬೈಲ್‌ನಲ್ಲಿ ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಯಾರು ಮಾತಾಡಿದರು? ನಮ್ಮನ್ನು ಯಾರೂ ಕೇಳಲಿಲ್ಲ.

ಕೊನೆಯನ್ನು ತೆಗೆದುಹಾಕಿದ ವರ್ಷ

ಇಂಟರ್‌ನೆಟ್ ಬಂದ ಹೊಸತರಲ್ಲಿ ಅಲ್ಲಿಯೂ ಪುಟಗಳಿದ್ದವು. ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಕೆಳಗೆ 1, 2, 3 ಎಂದು ಪುಟ ಸಂಖ್ಯೆ ಬರುತ್ತಿತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ಕೊಟ್ಟು ಕುಳಿತವರಿಗೆ ನೆನಪಿರಬಹುದು. ಮುಂದಿನ ಪುಟ ಬೇಕಾದರೆ ಒತ್ತಬೇಕಿತ್ತು. ಒತ್ತುವ ಮುಂಚೆ ಒಂದು ಕ್ಷಣ ಬೇಕೇ, ಸಾಕೇ ಎಂಬ ಯೋಚನೆ ಬರುತ್ತಿತ್ತು.

2006ರಲ್ಲಿ ಅಮೆರಿಕದ ಆಜಾ ರಾಸ್ಕಿನ್ ಎಂಬ ಯುವ ವಿನ್ಯಾಸಕಾರ ಆ ಕ್ಷಣವನ್ನು ತೆಗೆದುಹಾಕುವ ಉಪಾಯ ರೂಪಿಸಿದ. ಪುಟದ ಕೆಳಭಾಗ ಹತ್ತಿರವಾದ ಕೂಡಲೇ ಮುಂದಿನದು ತಾನಾಗಿಯೇ ಬಂದು ಸೇರಿಕೊಳ್ಳಬೇಕು. ಅದನ್ನೇ ಈಗ ಅನಂತ ಸ್ಕ್ರಾಲ್ ಎನ್ನುತ್ತೇವೆ. ಅವನ ಉದ್ದೇಶ ಕೆಟ್ಟದಾಗಿರಲಿಲ್ಲ. ಹುಡುಕುವವರಿಗೆ ಪದೇ ಪದೇ ಒತ್ತುವ ತೊಂದರೆ ತಪ್ಪಿಸಬೇಕು ಎಂಬುದಷ್ಟೇ ಇತ್ತು. ಮುಂದೆ ಅದೇ ರಾಸ್ಕಿನ್ ಈ ಬಗ್ಗೆ ಸಾರ್ವಜನಿಕವಾಗಿ ಪಶ್ಚಾತ್ತಾಪ ಪಟ್ಟ. ಜನರ ಗಮನ ಕದಿಯದ ತಂತ್ರಜ್ಞಾನ ಬೇಕು ಎಂದು ಹೋರಾಡುವ ಸಂಸ್ಥೆಯೊಂದನ್ನು ಕಟ್ಟಲು ಜತೆಯಾದ.

ಅದೇ 2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ 'ನ್ಯೂಸ್ ಫೀಡ್' ತಂದಿತು. ಅದಕ್ಕೆ ಮೊದಲು ಗೆಳೆಯರ ಸುದ್ದಿ ಬೇಕಾದರೆ ಅವರವರ ಪುಟಕ್ಕೆ ಹೋಗಬೇಕಿತ್ತು, ಮನೆಗೆ ಹೋಗಿ ಬಾಗಿಲು ತಟ್ಟಿದ ಹಾಗೆ. ಫೀಡ್ ಬಂದ ಮೇಲೆ ಎಲ್ಲರ ಸುದ್ದಿ ಒಂದೇ ತೋಡಿನಲ್ಲಿ ಹರಿದು ನಮ್ಮ ಕಾಲಬುಡಕ್ಕೆ ಬಂತು. ಆಗ ಸಾವಿರಾರು ಬಳಕೆದಾರರು ಇದನ್ನು ವಿರೋಧಿಸಿದರು. ಕಂಪನಿ ಹಿಂದೆಗೆಯಲಿಲ್ಲ.

2009ರಲ್ಲಿ ಲೊರೆನ್ ಬ್ರಿಕ್ಟರ್ ಎಂಬಾತ ತನ್ನ 'ಟ್ವೀಟಿ' ಆ್ಯಪ್‌ನಲ್ಲಿ ಇನ್ನೊಂದು ಕೈಚಳಕ ಸೇರಿಸಿದ. ಪರದೆಯನ್ನು ಕೆಳಕ್ಕೆ ಎಳೆದು ಬಿಟ್ಟರೆ ಹೊಸತು ಬರುತ್ತದೆ. ಬಾವಿಯಿಂದ ನೀರು ಸೇದಿದ ಹಾಗೆ. ಕೊಡದಲ್ಲಿ ಏನು ಬರುತ್ತದೆ ಎಂದು ಮಾತ್ರ ಮೊದಲೇ ಗೊತ್ತಿರುವುದಿಲ್ಲ.

ತಲಪಾಡಿಯ ಆಚೆಯ ಲಾಟರಿ

ಏನು ಬರುತ್ತದೆ ಎಂದು ಗೊತ್ತಿಲ್ಲದಿರುವುದರಲ್ಲೇ ಇದರ ಶಕ್ತಿ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇದನ್ನು ಪಾರಿವಾಳಗಳ ಮೇಲೆ ಪರೀಕ್ಷಿಸಿ ತೋರಿಸಿದ್ದ. ಚಾರ್ಲ್ಸ್ ಫರ್ಸ್ಟರ್ ಜತೆ ಅವನು ಬರೆದ ದೊಡ್ಡ ಪುಸ್ತಕ 1957ರಲ್ಲಿ ಬಂತು. ಹಕ್ಕಿ ಗುಂಡಿಯನ್ನು ಕುಟುಕಿದರೆ ಕಾಳು ಬೀಳುತ್ತದೆ. ಇಷ್ಟು ಸಲ ಕುಟುಕಿದರೆ ಒಂದು ಕಾಳು ಎಂದು ಲೆಕ್ಕ ಖಚಿತವಾಗಿದ್ದರೆ ಹಕ್ಕಿ ಕಾಳು ಸಿಕ್ಕಿದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಕುಟುಕಿಗೆ ಕಾಳು ಬೀಳುತ್ತದೆ ಎಂದು ಗೊತ್ತಿಲ್ಲದಿದ್ದರೆ ಬಿಡುವಿಲ್ಲದೆ ಕುಟುಕುತ್ತಲೇ ಇರುತ್ತದೆ.

ನಮಗೆ ಪಾರಿವಾಳದ ಉದಾಹರಣೆ ಬೇಡ, ಲಾಟರಿ ಸಾಕು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಆದರೆ ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋದರೆ ಕೇರಳ ಸರಕಾರದ ಲಾಟರಿ ಸಿಗುತ್ತದೆ. ಪ್ರತಿ ಟಿಕೆಟಿಗೂ ಬಹುಮಾನ ಬರುವುದಿದ್ದರೆ ಅದು ಅಂಗಡಿ ವ್ಯಾಪಾರ ಆಗುತ್ತಿತ್ತು. ಯಾವಾಗಲೋ ಒಮ್ಮೆ ಬರುತ್ತದೆ ಎಂಬುದಕ್ಕೇ ಜನ ಮತ್ತೆ ಮತ್ತೆ ಕೊಳ್ಳುತ್ತಾರೆ. ರೀಲ್ಸ್ ಕೂಡ ಹಾಗೆ. ಹತ್ತರಲ್ಲಿ ಎಂಟು ಸಪ್ಪೆ. ಒಂಬತ್ತನೆಯದು ನಗಿಸುತ್ತದೆ, ಅಥವಾ ನಮ್ಮೂರಿನ ಕೋಲದ್ದೇ ಆಗಿರುತ್ತದೆ. ಆ ಒಂದಕ್ಕಾಗಿ ಹೆಬ್ಬೆರಳು ಮುಂದಿನ ಎಂಟನ್ನೂ ಸರಿಸುತ್ತದೆ.

ಲಾಟರಿಗೆ ದುಡ್ಡು ಕೊಡುತ್ತೇವೆ, ಆದ್ದರಿಂದ ಕಳೆದದ್ದು ಲೆಕ್ಕಕ್ಕೆ ಸಿಗುತ್ತದೆ. ಸ್ಕ್ರಾಲ್‌ಗೆ ಹೊತ್ತು ಕೊಡುತ್ತೇವೆ. ಆ ಹೊತ್ತನ್ನು ಜಾಹೀರಾತುದಾರರಿಗೆ ಮಾರಿ ಕಂಪನಿ ದುಡ್ಡು ಮಾಡುತ್ತದೆ. ನಾವು ಹೆಚ್ಚು ನಿಂತಷ್ಟೂ ಅವರಿಗೆ ಲಾಭ. ಮಂಗಳ ಹಾಡಿದರೆ ಅವರಿಗೆ ನಷ್ಟ.

ಹಳ್ಳಿಗೆ ಬಂದ ದಾರಿ

2016ರ ಸೆಪ್ಟೆಂಬರ್ 5ರವರೆಗೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತಡೆ ಇತ್ತು. ಅದು ದುಡ್ಡು. 1 ಜಿಬಿ ಡೇಟಾಕ್ಕೆ 250 ರೂಪಾಯಿ ಆಸುಪಾಸು ಕೊಡಬೇಕಿತ್ತು. ವಿಡಿಯೊ ಒತ್ತುವ ಮುಂಚೆ ಎಷ್ಟು ಎಂಬಿ ಎಂದು ನೋಡುತ್ತಿದ್ದೆವು. ಅಂದು ಜಿಯೊ ಬಂತು. ಮೊದಲು ಉಚಿತ, ಆಮೇಲೆ ದಿನಕ್ಕೆ 1 ಜಿಬಿ, 1.5 ಜಿಬಿ. ಉಳಿದ ಕಂಪನಿಗಳೂ ದರ ಇಳಿಸಿದವು. ಇದರಿಂದ ಒಳ್ಳೆಯದೂ ಬಹಳ ಆಯಿತು. ಗಲ್ಫ್‌ನಲ್ಲಿರುವ ಮಗ ದಿನಾ ಮುಖ ತೋರಿಸುವಂತಾಯಿತು. ಅಡಿಕೆ ಧಾರಣೆ ಬೆರಳ ತುದಿಗೆ ಬಂತು.

2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ನಿಷೇಧಿಸಿತು. ಖಾಲಿಯಾದ ಆ ಜಾಗ ತುಂಬಲು ಮೂರು ತಿಂಗಳೂ ಬೇಕಾಗಲಿಲ್ಲ. ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಶುರುವಾಯಿತು, ಅದನ್ನು ಮೊದಲು ಪ್ರಯೋಗಿಸಿದ್ದೇ ಭಾರತದಲ್ಲಿ. ಆಗ ಕೊರೊನಾ ಕಾಲ. ಶಾಲೆ ಮುಚ್ಚಿತ್ತು. ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಫೋನ್ ಕೊಟ್ಟ ವರ್ಷ ಅದು.

ಈಗ ಉಳಿದಿರುವ ಒಂದೇ ಕೊನೆ ಎಂದರೆ 'ದಿನದ ಡೇಟಾ ಮುಗಿದಿದೆ' ಎಂಬ ಮೆಸೇಜು. ಕೆಲವು 5ಜಿ ಪ್ಯಾಕ್‌ಗಳಲ್ಲಿ ಅದೂ ಇಲ್ಲ. ಪಂಪ್‌ವೆಲ್ ಫ್ಲೈಓವರ್ ಮುಗಿಯುವುದೇ ಇಲ್ಲ ಎಂದು ವರ್ಷಗಟ್ಟಲೆ ಟ್ರೋಲ್ ಮಾಡಿದೆವು. ಅದು ಕೂಡ 2020ರ ಜನವರಿ 31ರಂದು ಮುಗಿದು ಉದ್ಘಾಟನೆಯಾಯಿತು. ಆ ಟ್ರೋಲ್‌ಗಳನ್ನು ನೋಡುತ್ತಿದ್ದ ಫೀಡ್ ಇನ್ನೂ ಮುಗಿದಿಲ್ಲ.

ಬಂದು ಹೋದ ಕೊನೆ

ಕಂಪನಿಗಳಿಗೆ ಕೊನೆ ಇಡಲು ಬರುವುದಿಲ್ಲ ಎಂದು ತಿಳಿಯಬೇಡಿ. 2018ರ ಜುಲೈಯಲ್ಲಿ ಇನ್‌ಸ್ಟಾಗ್ರಾಂ ಒಂದು ಹಸಿರು ಗುರುತು ತಂದಿತು. ನೀವು ಅನುಸರಿಸುವವರು ಕಳೆದ ಎರಡು ದಿನದಲ್ಲಿ ಹಾಕಿದ್ದನ್ನೆಲ್ಲ ನೋಡಿ ಮುಗಿಸಿದ್ದೀರಿ ಎಂದು ಅದು ಹೇಳುತ್ತಿತ್ತು. ಪತ್ರಿಕೆಯ ಕೊನೇ ಪುಟದ ಹಾಗೆ. 2020ರ ಆಗಸ್ಟ್‌ನಲ್ಲಿ ಅದೇ ಗುರುತಿನ ಕೆಳಗೆ ಗುರುತು ಪರಿಚಯವಿಲ್ಲದವರ ಪೋಸ್ಟುಗಳನ್ನು ಜೋಡಿಸಲಾಯಿತು. ಮಂಗಳ ಹಾಡಿದ ಮೇಲೆ ಮತ್ತೆ ಚೆಂಡೆ ಬಾರಿಸಿದ ಹಾಗಾಯಿತು.

ಅದೇ 2018ರಲ್ಲಿ ಗೂಗಲ್ 'ಡಿಜಿಟಲ್ ವೆಲ್‌ಬೀಯಿಂಗ್' ಘೋಷಿಸಿತು, ಆ್ಯಪಲ್ 'ಸ್ಕ್ರೀನ್ ಟೈಮ್' ಕೊಟ್ಟಿತು. ಎಷ್ಟು ಹೊತ್ತು ನೋಡಿದೆವು ಎಂಬ ಲೆಕ್ಕ ಅವುಗಳಲ್ಲಿ ಸಿಗುತ್ತದೆ. ಮಿತಿಯನ್ನೂ ಹಾಕಬಹುದು. ಆದರೆ ಮಿತಿ ಹುಡುಕಿಕೊಂಡು ಸೆಟ್ಟಿಂಗ್ಸ್ ಒಳಗೆ ನಾವೇ ಹೋಗಬೇಕು. ಸ್ಕ್ರಾಲ್ ಮಾತ್ರ ತಾನಾಗಿಯೇ ಎದುರಿಗೆ ಬರುತ್ತದೆ.

ಇದು ಕಾಯಿಲೆಯ ಮಟ್ಟಕ್ಕೆ ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ 'ಶಟ್' ಕ್ಲಿನಿಕ್ ಇದೆ. ಆರೋಗ್ಯಕರ ತಂತ್ರಜ್ಞಾನ ಬಳಕೆಯ ಸೇವೆ ಎಂಬುದು ಅದರ ಹೆಸರಿನ ಅರ್ಥ. ಮಕ್ಕಳು ಊಟ, ನಿದ್ದೆ, ಶಾಲೆ ಬಿಟ್ಟು ಫೋನ್ ಹಿಡಿದು ಕೂತರೆ ಹೊಡೆಯುವುದರಿಂದ, ಫೋನ್ ಒಡೆಯುವುದರಿಂದ ಸರಿಯಾಗುವುದಿಲ್ಲ. ವೈದ್ಯರ ಬಳಿ ಮಾತಾಡಬಹುದು, ಮಾತಾಡಬೇಕು.

ಸಾಂಗ್ಲಿಯ ಸೈರನ್

ಕಾಯಿಲೆಗೆ ಹೋಗುವ ಮುಂಚಿನ ಹಂತದಲ್ಲಿ ಇರುವವರು ನಾವೆಲ್ಲ. ನಮಗೆ ದಾರಿ ತೋರಿಸಿದ ಒಂದು ಹಳ್ಳಿ ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಹೆಸರು ಮೋಹಿತ್ಯಾಂಚೆ ವಡಗಾಂವ್. ಕೊರೊನಾ ಮುಗಿದು ಶಾಲೆ ತೆರೆದರೂ ಮಕ್ಕಳು ಫೋನ್ ಬಿಡುತ್ತಿರಲಿಲ್ಲ. 2022ರಲ್ಲಿ ಊರಿನವರು ಗ್ರಾಮಸಭೆಯಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ. ಮನೆಮನೆಯಲ್ಲಿ ಟಿ.ವಿ., ಮೊಬೈಲ್ ಬಂದ್. ಮಕ್ಕಳು ಓದಲು ಕೂರುತ್ತಾರೆ, ದೊಡ್ಡವರು ಮಾತಾಡುತ್ತಾರೆ. 8.30ಕ್ಕೆ ಸೈರನ್ ಮತ್ತೆ ಮೊಳಗಿದಾಗ ಬೇಕಾದವರು ಫೋನ್ ತೆಗೆಯಬಹುದು.

ಒಂದೂವರೆ ಗಂಟೆ, ಅಷ್ಟೇ. ಆದರೆ ಈ ಉಪಾಯದಲ್ಲಿ ಎರಡು ಜಾಣತನ ಇದೆ. ನಿಲ್ಲಿಸುವ ಸೂಚನೆ ಹೊರಗಿನಿಂದ ಬರುತ್ತದೆ, ನೆನಪಿಟ್ಟುಕೊಳ್ಳುವ ಭಾರ ಯಾರ ಮೇಲೂ ಇಲ್ಲ. ಮತ್ತೆ, ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಅಪ್ಪ ಫೋನ್ ನೋಡುತ್ತಾ ಮಗನಿಗೆ ಓದು ಎಂದು ಹೇಳುವ ಪ್ರಶ್ನೆ ಬರುವುದಿಲ್ಲ. ರೇಡಿಯೊ ಕಾಲದಲ್ಲಿ ಕೇಂದ್ರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಊರು ಮಾಡಿತು.

ಒಬ್ಬೊಬ್ಬರಿಗೆ ಕೂಡ ಇಂಥ ತಡೆ ಕೆಲಸ ಮಾಡುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಜರ್ಮನಿಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 280 ಜನ, ಆರು ವಾರ. ಅವರ ಫೋನಿನಲ್ಲಿ 'ಒನ್ ಸೆಕ್' ಎಂಬ ಆ್ಯಪ್ ಇತ್ತು. ಇನ್‌ಸ್ಟಾಗ್ರಾಂನಂಥದ್ದನ್ನು ಒತ್ತಿದರೆ ಅದು ಕೂಡಲೇ ತೆರೆಯುವುದಿಲ್ಲ. ಕೆಲವು ಸೆಕೆಂಡ್ ಉಸಿರಾಡಿ ಎಂದು ಹೇಳಿ, ನಿಜವಾಗಿ ಬೇಕೇ ಎಂದು ಕೇಳುತ್ತದೆ. ನೂರರಲ್ಲಿ 36 ಸಲ ಜನ ಬೇಡ ಎಂದು ಹಿಂದೆ ಹೋದರು. ಆರು ವಾರದ ಕೊನೆಗೆ ತೆರೆಯುವ ಪ್ರಯತ್ನವೇ ಶೇ. 37ರಷ್ಟು ಕಡಿಮೆಯಾಗಿತ್ತು. ಯಾರೂ ಬೈಯಲಿಲ್ಲ, ಯಾರೂ ಕಿತ್ತುಕೊಳ್ಳಲಿಲ್ಲ. ಹಳೆಯ ಕಾಲದ ಪುಟ ತಿರುಗಿಸುವ ಆ ಕ್ಷಣವನ್ನು ವಾಪಸ್ ಕೊಟ್ಟರು, ಅಷ್ಟೇ.

ನಮ್ಮದೇ ಕಾಲಮಿತಿ

ಹಾಗಾದರೆ ನಾವೇನು ಮಾಡಬಹುದು? ದುಡ್ಡು ಖರ್ಚಿಲ್ಲದ, ಹಳ್ಳಿ ಮನೆಯಲ್ಲಿ ಆಗುವ ಕೆಲವನ್ನು ಇಲ್ಲಿ ಹೇಳುತ್ತೇನೆ. ಎಲ್ಲವೂ ಬೇಡ. ಒಂದೋ ಎರಡೋ ಆರಿಸಿಕೊಳ್ಳಿ.

ಬಾಗಿಲು ಹಾಕುವುದು: ರೀಲ್ಸ್, ಶಾರ್ಟ್ಸ್ ಇರುವ ಆ್ಯಪ್‌ಗಳನ್ನು ಮೊದಲ ಪರದೆಯಿಂದ ತೆಗೆದು ಒಳಗಿನ ಯಾವುದಾದರೂ ಫೋಲ್ಡರ್‌ಗೆ ಹಾಕಿ. ಹುಡುಕಿ ತೆರೆಯಬೇಕಾದಾಗ ಕೈ ಮಾಡುವ ಕೆಲಸ ತಲೆಗೆ ಗೊತ್ತಾಗುತ್ತದೆ. ಫೋನಿಗೆ ಅಡ್ಡಲಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿದರೂ ಆಗುತ್ತದೆ. ಕರೆ ಬಂದರೆ ತೊಂದರೆ ಇಲ್ಲ, ಹೆಬ್ಬೆರಳು ಸರಿಸುವಾಗ ಮಾತ್ರ ತಾಗುತ್ತದೆ.

ಹೊತ್ತು ಇಡುವುದು: ಆ್ಯಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಡಿಜಿಟಲ್ ವೆಲ್‌ಬೀಯಿಂಗ್' ತೆರೆಯಿರಿ. ಒಂದೊಂದು ಆ್ಯಪ್‌ಗೆ ದಿನಕ್ಕೆ ಇಷ್ಟು ನಿಮಿಷ ಎಂದು ಟೈಮರ್ ಇಡಬಹುದು. ಮುಗಿದ ಕೂಡಲೇ ಆ್ಯಪ್ ಮುಚ್ಚುತ್ತದೆ. ಮರುದಿನ ಮತ್ತೆ ತೆರೆಯುತ್ತದೆ. ಮೊದಲ ವಾರ ಟೈಮರ್ ಇಡದೆ ಬರೀ ಲೆಕ್ಕ ನೋಡಿ. ದಿನಕ್ಕೆ ಎಷ್ಟು ಸಲ ಫೋನ್ ಬಿಚ್ಚಿದ್ದೀರಿ ಎಂಬ ಸಂಖ್ಯೆಯೇ ಸಾಕಷ್ಟು ಮಾತಾಡುತ್ತದೆ.

ಬಣ್ಣ ತೆಗೆಯುವುದು: ಅಲ್ಲೇ 'ಬೆಡ್‌ಟೈಮ್ ಮೋಡ್' ಇದೆ. ರಾತ್ರಿ ನೀವು ಹೇಳಿದ ಹೊತ್ತಿಗೆ ಪರದೆ ಕಪ್ಪುಬಿಳುಪಾಗುತ್ತದೆ. ವೇಷ ಕಳಚಿದ ಕಲಾವಿದರನ್ನು ಚೌಕಿಯಲ್ಲಿ ನೋಡಿದ ಹಾಗೆ. ಆಕರ್ಷಣೆ ಅರ್ಧ ಇಳಿಯುತ್ತದೆ.

ತೋಡು ತಿರುಗಿಸುವುದು: ಯೂಟ್ಯೂಬ್‌ನಲ್ಲಿ ಆಟೊಪ್ಲೇ ಬಂದ್ ಮಾಡಿ. ನೋಡಿದ ವಿಡಿಯೊಗಳ ಇತಿಹಾಸವನ್ನು ಅಳಿಸಿ, ಅದು ದಾಖಲಾಗುವುದನ್ನೂ ಬಂದ್ ಮಾಡಿ. 2023ರಿಂದ ಹೀಗೆ ಮಾಡಿದವರಿಗೆ ಮೊದಲ ಪುಟದಲ್ಲಿ ಶಿಫಾರಸಿನ ಸಾಲು ಬರುವುದಿಲ್ಲ. ಬೇಕಾದ್ದನ್ನು ಹೆಸರು ಬರೆದು ಹುಡುಕಿ ನೋಡಬೇಕು. ಆಗ ಫೋನ್ ಮತ್ತೆ ನಿಮ್ಮ ಕೈಯ ಉಪಕರಣ ಆಗುತ್ತದೆ.

ಮಲಗುವ ಕೋಣೆ ಬಿಡುವುದು: ಚಾರ್ಜರ್ ಅನ್ನು ಚಾವಡಿಯಲ್ಲೋ ಅಡುಗೆ ಕೋಣೆಯಲ್ಲೋ ಇಡಿ. ಅಲಾರಂಗೆ ಒಂದು ಸಣ್ಣ ಗಡಿಯಾರ ಸಾಕು. ದಿಂಬಿನ ಕೆಳಗೆ ಫೋನ್ ಇಲ್ಲದಿದ್ದರೆ ನಡುರಾತ್ರಿ ಎಚ್ಚರವಾದಾಗ ಕೈ ಹುಡುಕುವುದಿಲ್ಲ.

ಒಟ್ಟಿಗೆ ನಿಲ್ಲಿಸುವುದು: ಇದೇ ಎಲ್ಲಕ್ಕಿಂತ ಗಟ್ಟಿ. ಮನೆಯಲ್ಲಿ ದೀಪ ಹಚ್ಚುವ ಹೊತ್ತು, ಭಜನೆಯ ಹೊತ್ತು, ನಮಾಜಿನ ಹೊತ್ತು, ಇಗರ್ಜಿಯ ಗಂಟೆಯ ಹೊತ್ತು, ಯಾವುದಾದರೂ ಒಂದು ಇದ್ದೇ ಇರುತ್ತದೆ. ಅಲ್ಲಿಂದ ಊಟದ ತನಕ ಮನೆಯ ಎಲ್ಲ ಫೋನುಗಳೂ ಒಂದು ಬುಟ್ಟಿಗೆ. ದೊಡ್ಡವರದು ಮೊದಲು ಬೀಳಬೇಕು. ಇದನ್ನು ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ, ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ ಮಾತಾಡಬಹುದು. ಆಟಕ್ಕೆ ಕಾಲಮಿತಿ ಬೇಕೇ ಎಂದು ಚರ್ಚೆ ಮಾಡಿದ ಊರಿನವರಿಗೆ ಇದು ಕಷ್ಟದ ವಿಷಯವಲ್ಲ.

ಯಕ್ಷಗಾನ ಪ್ರೀತಿಸುವವರೇ ಪತ್ತನಾಜೆ ಆಚರಿಸುತ್ತಾರೆ. ಗೆಜ್ಜೆ ಬಿಚ್ಚುವುದು ಕುಣಿತದ ಮೇಲಿನ ಸಿಟ್ಟಿನಿಂದ ಅಲ್ಲ, ಮತ್ತೆ ಕಟ್ಟುವ ದಿನ ಕಾಲು ಗಟ್ಟಿಯಾಗಿರಲಿ ಎಂದು. ಫೋನ್ ಬಿಸಾಡಬೇಕು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಇದನ್ನು ನೀವು ಓದುತ್ತಿರುವುದೂ ಅದರಲ್ಲೇ. ಸುಮಾರು 180 ವರ್ಷ ಕಾಗದ, ರೇಡಿಯೊ, ಟಿ.ವಿ. ಮಾಡಿಕೊಟ್ಟ ಒಂದು ಕೆಲಸವನ್ನು ಫೋನ್ ಮಾಡುವುದಿಲ್ಲ. ಆ ಕೆಲಸವನ್ನು ಈಗ ನಾವೇ ಮಾಡಿಕೊಳ್ಳಬೇಕು.

ಈ ಬರಹ ಇಲ್ಲಿಗೆ ಮುಗಿಯಿತು. ಕೆಳಗೆ ಇನ್ನೇನಾದರೂ ಕಾಣಿಸಬಹುದು. ಸರಿಸುವ ಮುಂಚೆ ಒಂದು ಉಸಿರು ನಿಂತು, ಬೇಕೇ ಎಂದು ಕೇಳಿಕೊಳ್ಳಿ.